ಪಟ್ಟಿಯಲ್ಲಿಲ್ಲದ ಕಾಫಿಪುಡಿ

ನಮ್ಮ ಯಜಮಾನರನ್ನು ಹಂಗಿಸಲು ನನ್ನ ಬಳಿ ಒಂದು ಭದ್ರವಾದ ವಿಷಯವಿತ್ತು. ಎರಡು ವರ್ಷ ಅದೊಂದನ್ನೇ ಇಟ್ಟುಕೊಂಡು ಸಂಸಾರದ ಎಲ್ಲ ವಾದಗಳನ್ನೂ ಗೆದ್ದಿದ್ದೇನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಈ ಕಥೆ ಮುಗಿಯುವಷ್ಟರಲ್ಲಿ ಆ ಅಸ್ತ್ರ ನನ್ನ ಕೈಯಲ್ಲಿ ಇರುವುದಿಲ್ಲ.

ಇವರ ಚಿಕ್ಕಪ್ಪನ ಮಗ ಅರಸೀಕೆರೆ ಕಡೆ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ಅಡುಗೆಯ ಉಸ್ತುವಾರಿ ನಮ್ಮ ಊರು ಬೆಳಗೋಡಿನವರದ್ದೇ ಆಗಬೇಕೆಂದು ಹಟ ಹಿಡಿದು, ಸಾಮಾನಿನ ಪಟ್ಟಿ ಬರೆಯುವ ಘನವಾದ ಜವಾಬ್ದಾರಿಯನ್ನು ಇವರಿಗೆ ವಹಿಸಿದ. ಇವರು ಮೂರು ದಿನ ಕೂತು ಬರೆದರು. ಬಾಳೆಎಲೆ ಒರೆಸುವ ಬಟ್ಟೆ ಕೂಡ ಪಟ್ಟಿಯಲ್ಲಿತ್ತು. ಆ ದಿನ ಬೆಳಿಗ್ಗೆ ಹಾಲುಕ್ಕಿಸಿ ಆಯಿತು, ಪೂಜೆ ಆಯಿತು, ನೆಂಟರೆಲ್ಲ ಕಾಫಿಗೆ ಕೈ ಚಾಚಿದರು. ಆಗ ಗೊತ್ತಾಯಿತು. ಕಾಫಿಪುಡಿ ಇಲ್ಲ! ಹುಡುಕಿದರೆ ಮೆಣಸೂ ಇಲ್ಲ!

ಯಾಕೆ ಬರೆಯಲಿಲ್ಲ ಅಂದರೆ, ನಮ್ಮ ಕಡೆ ಅಂಗಡಿ ಪಟ್ಟಿಯಲ್ಲಿ ಯಾರೂ ಕಾಫಿಪುಡಿ, ಮೆಣಸು ಬರೆಯುವುದಿಲ್ಲ. ತೋಟದಲ್ಲಿ ಬೆಳೆಯುತ್ತದೆ, ಮನೆಯಲ್ಲಿ ಇದ್ದೇ ಇರುತ್ತದೆ. ಇರುವುದನ್ನು ಬರೆಯುವುದು ಹೇಗೆ? ಹೀಗಾಗಿ ಮೂರು ತಲೆಮಾರಿನ ಕಾಫಿ ಬೆಳೆಗಾರರಾದ ನಾವು ಅವತ್ತು ನೆಂಟರಿಗೆ ಟೀ ಕೊಟ್ಟೆವು.

ಅವತ್ತಿನಿಂದ ಇವರು ಯಾವ ವಿಷಯಕ್ಕೆ ಬಾಯಿ ತೆರೆದರೂ ನಾನು "ಕಾಫಿಪುಡಿ" ಅನ್ನುತ್ತಿದ್ದೆ. ಅಷ್ಟೇ. ಇವರು ಬಾಯಿ ಮುಚ್ಚುತ್ತಿದ್ದರು.

ಇನ್ನು ನನ್ನ ವಿಷಯ. ನಾನು ಸಕಲೇಶಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಅದಲ್ಲದೆ ಇನ್ನೊಂದು ಗೌರವದ ಹುದ್ದೆಯೂ ನನಗಿದೆ. ಕಂಪ್ಯೂಟರಿಗೆ ಬೇಕಾದ ಸಾವಿರಾರು ತಂತ್ರಾಂಶಗಳನ್ನು ಒಂದೇ ಕಡೆ ಜೋಡಿಸಿ ಜಗತ್ತಿಗೆಲ್ಲ ಉಚಿತವಾಗಿ ಹಂಚುವ ಡಿಸ್ಟ್ರಿಬ್ಯೂಷನ್ ಎಂಬ ವ್ಯವಸ್ಥೆಗಳಿವೆ. ಅಂಥದ್ದೊಂದರಲ್ಲಿ ಒಂದೊಂದು ಪ್ಯಾಕೇಜನ್ನೂ, ಅಂದರೆ ತಂತ್ರಾಂಶದ ಕಟ್ಟನ್ನೂ, ಒಬ್ಬೊಬ್ಬ ಸ್ವಯಂಸೇವಕರು ನೋಡಿಕೊಳ್ಳುತ್ತಾರೆ. ನನ್ನ ಪಾಲಿಗೆ ಬಂದದ್ದು ಒಂದು ಪುಟ್ಟ ಪ್ಯಾಕೇಜ್. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಧ್ವನಿ. ಜಗತ್ತಿನಲ್ಲಿ ಅದನ್ನು ಎಷ್ಟು ಜನ ಬಳಸುತ್ತಾರೋ ಗೊತ್ತಿಲ್ಲ. ನನಗೆ ಗೊತ್ತಿರುವ ಬಳಕೆದಾರರು ಒಬ್ಬರೇ. ನಮ್ಮ ಅತ್ತೆ ಕಮಲಮ್ಮ.

ಅತ್ತೆಗೆ ನಾಲ್ಕು ವರ್ಷದಿಂದ ಕಣ್ಣಿನ ನಡುಭಾಗ ಮಂಜಾಗಿದೆ. ಬಾಗಿಲಲ್ಲಿ ಯಾರೋ ನಿಂತಿರುವುದು ಕಾಣುತ್ತದೆ, ಯಾರೆಂದು ಕಾಣುವುದಿಲ್ಲ. ಅಕ್ಷರವಂತೂ ಇಲ್ಲವೇ ಇಲ್ಲ. ಅದಕ್ಕೇ ಹಜಾರದಲ್ಲಿ ಅವರಿಗೊಂದು ಹಳೆಯ ಕಂಪ್ಯೂಟರ್ ಇಟ್ಟು ಈ ಧ್ವನಿಯನ್ನು ಹಾಕಿಕೊಟ್ಟೆ. ಅತ್ತೆ ಮೊದಲ ದಿನ ಕೇಳಿದವರೇ ನಕ್ಕರು.

"ಅಯ್ಯೋ, ಇವ್ನು ನಮ್ ರೈಟ್ರು ಇದ್ದಂಗವ್ನೆ ಕಣವ್ವ!"

ದೊಡ್ಡ ಎಸ್ಟೇಟುಗಳಲ್ಲಿ ಬೆಳಿಗ್ಗೆ ಆಳುಗಳು ವಾಸಿಸುವ ಲೈನ್ ಮನೆಗಳ ಮುಂದೆ ನಿಂತು ಅವರ ಹೆಸರು ಕೂಗಿ ಹಾಜರಿ ಹಾಕುವ ಗುಮಾಸ್ತರಿಗೆ ರೈಟರ್ ಎನ್ನುತ್ತಾರೆ. ಅವರ ಕೂಗಿಗೆ ಏರೂ ಇಲ್ಲ, ಇಳಿವೂ ಇಲ್ಲ. ನಮ್ಮ ಪ್ಯಾಕೇಜೂ ಹಾಗೆಯೇ. ಮದುವೆ ಸುದ್ದಿಯನ್ನೂ ಸಾವಿನ ಸುದ್ದಿಯನ್ನೂ ಒಂದೇ ಉಸಿರಿನಲ್ಲಿ ಕೂಗುತ್ತದೆ. ಅವತ್ತಿನಿಂದ ಅದರ ಹೆಸರು ರೈಟ್ರು. ಬೆಳಿಗ್ಗೆ ಏಳೂವರೆಗೆ ಅತ್ತೆ ಕಾಫಿ ಲೋಟ ಹಿಡಿದು ಅದರ ಮುಂದೆ ಕೂರುತ್ತಾರೆ. ಮೊದಲು ಪೇಪರ್. ಆಮೇಲೆ ಮಾವನ ಮಳೆ ಪುಸ್ತಕ.

ಈ ಮಳೆ ಪುಸ್ತಕವೇ ಮುಖ್ಯ. ಕಾಫಿ ಬೆಳೆಯುವವರ ಮನೆಯಲ್ಲಿ ದೇವರ ಪಟ ಇಲ್ಲದಿದ್ದರೂ ಮಳೆ ಅಳೆಯುವ ಡಬ್ಬಿ ಇರುತ್ತದೆ. ತೀರಿಹೋದ ನಮ್ಮ ಮಾವ ಸಾಯುವ ಹಿಂದಿನ ವಾರದವರೆಗೂ ಪ್ರತಿದಿನ ಮಳೆ ಅಳೆದು ಪುಸ್ತಕದಲ್ಲಿ ಬರೆದವರು. ಇಂಚಿನ ಪಕ್ಕದಲ್ಲಿ ಒಂದು ಸಾಲು ಷರಾ. "ಮಳೆ ಇಲ್ಲ. ನಾಯಿ ಕಾಣುತ್ತಿಲ್ಲ." ಮರುದಿನ, "ಮಳೆ ಇಲ್ಲ. ನಾಯಿ ಬಂತು." ಅವರ ಅಕ್ಷರ ಓದಬಲ್ಲವರು ಭೂಮಿಯ ಮೇಲೆ ಇಬ್ಬರೇ ಇದ್ದರು, ಅವರು ಮತ್ತು ಅತ್ತೆ. ಕಣ್ಣು ಪೂರ್ತಿ ಮಂಜಾಗುವ ಮೊದಲು ಅತ್ತೆ ಒಂದೊಂದೇ ಪುಟ ಓದಿ ಹೇಳಿದರು, ನಾನು ಟೈಪ್ ಮಾಡಿಕೊಂಡೆ. ಈಗ ರೈಟ್ರು ದಿನವೂ ಬೆಳಿಗ್ಗೆ, ಹಿಂದಿನ ವರ್ಷಗಳಲ್ಲಿ ಇದೇ ತಾರೀಖಿಗೆ ಮಾವ ಏನು ಬರೆದಿದ್ದರೋ ಅದನ್ನೆಲ್ಲ ಸಾಲಾಗಿ ಓದುತ್ತಾನೆ.

ಇಷ್ಟು ಪುಸ್ತಕಗಳಲ್ಲಿ ಮಾವ ಅತ್ತೆಯ ಹೆಸರನ್ನು ಬರೆದದ್ದು ಒಂದೇ ಒಂದು ಕಡೆ. ಮದುವೆಯಾದ ವರ್ಷ, ಮಾರ್ಚ್ ತಿಂಗಳ ಕೊನೆಯಲ್ಲಿ ಕಾಫಿ ಮೊಗ್ಗು ಅರಳಿಸುವ ಹೂವಿನ ಮಳೆ ಬಿದ್ದ ದಿನ. ಅತ್ತೆ ವರ್ಷವಿಡೀ ಆ ಒಂದು ಬೆಳಗಿಗೆ ಕಾಯುತ್ತಾರೆ. ಬಾಯಿ ಬಿಟ್ಟು ಹೇಳುವುದಿಲ್ಲ. ಆದರೆ ಅವತ್ತು ಎದ್ದ ಕೂಡಲೇ ಸ್ನಾನ ಮಾಡಿ ಒಗೆದ ಸೀರೆ ಉಟ್ಟಿರುತ್ತಾರೆ. ಈ ಸಲ ಆ ತಾರೀಖು ಗುರುವಾರ ಬಂದಿತ್ತು.

ನಾನು ರೈಟ್ರನ್ನು ಅಪ್‌ಡೇಟ್ ಮಾಡಲು ಕೂತದ್ದು ಅದರ ಹಿಂದಿನ ಭಾನುವಾರ.

ಸದುದ್ದೇಶದಿಂದಲೇ ಕೂತೆ. ಹೊಸ ವರ್ಷನ್, ಅಂದರೆ ಹೊಸ ಆವೃತ್ತಿ ಬಂದಿತ್ತು. ಒತ್ತಕ್ಷರ ಬಂದಾಗ ರೈಟ್ರು ಎಡವುತ್ತಿದ್ದ, ಹೊಸದರಲ್ಲಿ ಎಡವುವುದಿಲ್ಲ ಎಂದಿತ್ತು. ಗುರುವಾರದ ಸಾಲನ್ನು ಈ ಸಲ ಸ್ಪಷ್ಟವಾಗಿ ಕೇಳಲಿ ಎಂದುಕೊಂಡೆ. ತಿಂಡಿ ಆದಮೇಲೆ ಶುರುಮಾಡಿದರೆ ಡಿಕಾಕ್ಷನ್ ಆರುವಷ್ಟರಲ್ಲಿ ಮುಗಿಯುವ ಕೆಲಸ!

ಇಲ್ಲೊಂದು ಸಣ್ಣ ಪಾಠ. ಕಡುಬು ತಿನ್ನಲು ತಟ್ಟೆ ಮತ್ತು ಸಾರು ಇದ್ದರೆ ಸಾಕು. ಕಡುಬು ಮಾಡಲು ಅಕ್ಕಿ ತರಿ ಬೇಕು, ತರಿ ಒಡೆಸಲು ಮಿಲ್ ಬೇಕು, ಹಬೆ ಪಾತ್ರೆ ಬೇಕು. ತಿನ್ನಲು ಬೇಕಾದ್ದು ಒಂದು ಪಟ್ಟಿ, ಮಾಡಲು ಬೇಕಾದ್ದು ಇನ್ನೊಂದು ಪಟ್ಟಿ. ಪ್ಯಾಕೇಜಿಗೂ ಹೀಗೆ ಎರಡು ಪಟ್ಟಿಗಳಿರುತ್ತವೆ. ಎರಡನೆಯದಕ್ಕೆ ಬಿಲ್ಡ್ ಡಿಪೆಂಡೆನ್ಸಿ ಎಂದು ಹೆಸರು. ನಾವು ಪಟ್ಟಿ ಬರೆದು ಕಳಿಸಬೇಕು. ದೂರದೇಶದಲ್ಲಿರುವ ಒಂದು ಯಂತ್ರ ಅದನ್ನು ನೋಡಿ, ಪಟ್ಟಿಯಲ್ಲಿ ಇರುವ ಸಾಮಾನನ್ನು ಮಾತ್ರ ತರಿಸಿಕೊಂಡು, ಎಲ್ಲರಿಗೂ ಹಂಚುವ ಪ್ಯಾಕೇಜನ್ನು ಕಟ್ಟುತ್ತದೆ. ಆ ಯಂತ್ರ ಪ್ರತಿ ಸಲವೂ ಬರಿದಾದ ಮನೆಯಲ್ಲಿ ಹೊಸ ಒಲೆ ಹೂಡಿದ ಹಾಗೆ ಶುರುಮಾಡುತ್ತದೆ. ಬರೆದದ್ದು ಇದೆ, ಬರೆಯದಿದ್ದದ್ದು ಇಲ್ಲ. ಇದನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಪಾಠ ಮಾಡುತ್ತೇನೆ. ಚೆನ್ನಾಗಿಯೇ ಮಾಡುತ್ತೇನೆ.

ಹೊಸ ವರ್ಷನ್ನನ್ನು ಮೊದಲು ನನ್ನ ಲ್ಯಾಪ್‌ಟಾಪಿನಲ್ಲೇ ಕಟ್ಟಿ ನೋಡಿದೆ. ಒಂದೇ ಏಟಿಗೆ ಆಯಿತು! ಗರ್ವ ತಲೆಗೇರಿತು. ಪಟ್ಟಿ ನೋಡಿದೆ. ಯಾವುದೋ ಕಾಲದಲ್ಲಿ ನಾನೇ ಬರೆದ ಪಟ್ಟಿ, ಸ್ವಲ್ಪ ಉದ್ದವಾಗಿದೆ ಅನ್ನಿಸಿತು. ಮೂರು ಸಾಲುಗಳನ್ನು ತೆಗೆದು ಮತ್ತೆ ಕಟ್ಟಿದೆ. ಆಗಲೂ ಆಯಿತು. ಅಂದರೆ ಆ ಮೂರೂ ದಂಡ!

ಅಷ್ಟರಲ್ಲಿ ಯಜಮಾನರು ಸ್ಪ್ರಿಂಕ್ಲರ್ ಪೈಪ್ ಹೆಗಲ ಮೇಲಿಟ್ಟುಕೊಂಡು ಹಜಾರದೊಳಗೆ ಇಣುಕಿದರು.

"ಏನ್ ಮಾಡ್ತಿದ್ದೀಯೇ?"

"ಪಟ್ಟಿ ಕ್ಲೀನ್ ಮಾಡ್ತಿದ್ದೀನಿ. ಕೆಲವ್ರಿಗೆ ಪಟ್ಟಿ ಬರಿಯಕ್ಕೆ ಬರುತ್ತೆ, ಕೆಲವ್ರಿಗೆ ಬರಲ್ಲ."

ಇವರು ಪೈಪ್ ಸರಿಮಾಡಿಕೊಂಡು ತೋಟದ ಕಡೆ ನಡೆದರು. ಆಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕಟ್ಟಿದ ಪ್ಯಾಕೇಜನ್ನು ಲ್ಯಾಪ್‌ಟಾಪಿನಿಂದಲೇ ಅತ್ತೆಯ ಕಂಪ್ಯೂಟರಿಗೆ ಹಾಕಿಬಿಡಬಹುದಿತ್ತು. ಆದರೆ ನಾನು ಶಿಸ್ತಿನ ಹೆಂಗಸು. ಜಗತ್ತಿಗೆ ಯಾವುದು ಸಿಗುತ್ತದೋ ಅತ್ತೆಗೂ ಅದೇ ಸಿಗಬೇಕು, ಅಧಿಕೃತ ಯಂತ್ರ ಕಟ್ಟಿದ್ದೇ ಆಗಬೇಕು ಎಂದು ತೀರ್ಮಾನಿಸಿದೆ. ಪಟ್ಟಿಯನ್ನು ಆ ಯಂತ್ರಕ್ಕೆ ಕಳಿಸಿ, ಅರ್ಧ ಗಂಟೆಯಲ್ಲಿ ಹೊಸಬ ಬರುತ್ತಾನೆಂಬ ಭರವಸೆಯಲ್ಲಿ ಹಳೆಯ ರೈಟ್ರನ್ನು ಅತ್ತೆಯ ಕಂಪ್ಯೂಟರಿನಿಂದ ಬೇರುಸಮೇತ ತೆಗೆದುಹಾಕಿದೆ. ಅವನ ಜೊತೆ ಕೆಲಸ ಮಾಡುವ ಉಳಿದ ಭಾಗಗಳನ್ನೂ ಹೊಸದಕ್ಕೆ ಏರಿಸಿದೆ. ಅಂದರೆ ಹಳಬನನ್ನು ವಾಪಸ್ ಕರೆದರೂ ಅವನು ಇನ್ನು ಕೂರುವಂತಿಲ್ಲ.

ಅರ್ಧ ಗಂಟೆಗೆ ಸರಿಯಾಗಿ ಮೇಲ್ ಬಂತು. ಬಿಲ್ಡ್ ವಿಫಲ!

ನಮ್ಮ ಹಜಾರದಲ್ಲಿ ಬಂದು ಬಂದು ಹೋಗುವ ಇಂಟರ್‌ನೆಟ್ ಸಿಗ್ನಲ್ ಗಟ್ಟಿಯಾಗಿ ನಿಲ್ಲುವುದು ಕಾಫಿ ಒಣಗಿಸುವ ಕಣದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲೇ ಒಂದು ಬುಟ್ಟಿ ಕವುಚಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ತಲೆಗೆ ಟವೆಲ್ ಹಾಕಿಕೊಂಡು ಕೂತೆ. ಯಂತ್ರ ಯಾವುದೋ ಒಂದು ಸಾಮಾನು ಸಿಗಲಿಲ್ಲ ಎಂದಿತ್ತು. ಸೇರಿಸಿ ಕಳಿಸಿದೆ. ಮತ್ತೆ ವಿಫಲ, ಇನ್ನೊಂದು ಸಾಮಾನು ಇಲ್ಲವಂತೆ. ಸೇರಿಸಿದೆ. ಮತ್ತೊಂದು ಇಲ್ಲವಂತೆ. ಒಂದೇ ಸಲ ಎಲ್ಲವನ್ನೂ ಹೇಳಬಾರದೇ! ನಮ್ಮ ಮನೆಗೆ ಬರುವ ಪ್ಲಂಬರಿನ ಹಾಗೆ, ಒಂದು ನಟ್ಟು ತಂದುಕೊಟ್ಟ ಮೇಲೆ ಇನ್ನೊಂದು ನಟ್ಟು ಕೇಳುವ ಜಾತಿ.

ಸೋಮವಾರ ಬೆಳಿಗ್ಗೆ ಏಳೂವರೆಗೆ ಅತ್ತೆ ಕಾಫಿ ಲೋಟ ಹಿಡಿದು ಬಂದು ಕೂತರು. ಕಂಪ್ಯೂಟರ್ ಮಾತಾಡಲಿಲ್ಲ.

"ರೈಟ್ರು ಇನ್ನೂ ಬಂದಿಲ್ವೇನವ್ವ?"

"ಇಲ್ಲ ಅತ್ತೆ, ಸ್ವಲ್ಪ ರಿಪೇರಿ ಐತೆ. ಸಂಜೆಗೆ ಬಂದ್ಬಿಡ್ತಾನೆ."

"ಬರ್ಲಿ ಬುಡು. ಪಾಪ, ಒಂದಿನನಾದ್ರೂ ರಜೆ ಬ್ಯಾಡ್ವಾ ಅವ್ನಿಗೆ," ಎಂದು ಅತ್ತೆ ಖಾಲಿ ಪರದೆಯ ಮುಂದೆಯೇ ಕಾಫಿ ಕುಡಿದು ಎದ್ದರು.

ಮಂಗಳವಾರ ಕಾಲೇಜಿಗೆ ರಜೆ ಹಾಕಿದೆ. ಅರ್ಜಿಯಲ್ಲಿ "ಕುಟುಂಬದ ಹಿರಿಯ ಸದಸ್ಯರೊಬ್ಬರಿಗೆ ಹಠಾತ್ತನೆ ಮಾತು ನಿಂತಿರುವ ಕಾರಣ" ಎಂದು ಬರೆದೆ. ಸುಳ್ಳಲ್ಲವಲ್ಲ! ಪ್ರಾಂಶುಪಾಲರು ಗಾಬರಿಯಾಗಿ ಫೋನ್ ಮಾಡಿ, ಹಾಸನದಲ್ಲಿ ತಮಗೆ ಗೊತ್ತಿರುವ ಡಾಕ್ಟರ ವಿಳಾಸ ಕೊಟ್ಟರು. ಅದನ್ನು ಬರೆದುಕೊಂಡು ಥ್ಯಾಂಕ್ಸ್ ಹೇಳಿದೆ. ಇನ್ನೇನು ಮಾಡಲಿ?

ಕಣದಲ್ಲಿ ಕೂತಾಗ ಪಕ್ಕದ ತೋಟದ ಲೋಕೇಶಣ್ಣ ಬೇಲಿ ದಾಟಿ ಬಂದರು. ಅವರು ದಿನ ಬಿಟ್ಟು ದಿನ ಬಂದು ಮಾವನ ಪುಸ್ತಕ ಕೇಳಿ, ಮಳೆ ಬರುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿ ಹೋಗುವವರು.

"ಏನ್ ಮಾರಾಯ್ತಿ, ರೈಟ್ರಿಗೆ ರಜೆ ಕೊಟ್ಟಿದ್ದೀಯಂತೆ? ಹೂವಿನ ಮಳೆ ಟೈಮಲ್ಲಿ ಯಾರಾದ್ರೂ ರೈಟ್ರಿಗೆ ರಜೆ ಕೊಡ್ತಾರಾ?"

"ಕೊಟ್ಟಿಲ್ಲ ಲೋಕೇಶಣ್ಣ, ಪಟ್ಟೀಲಿ ಏನೋ ಬಿಟ್ಟೋಗಿದೆ. ಅದೇನು ಅಂತ ಗೊತ್ತಾಗ್ತಿಲ್ಲ."

"ನಿಮ್ಮನೇಲಿ ಪಟ್ಟಿ ಬರಿಯೋದು ಧರ್ಮೇಶ ಅಲ್ವಾ?" ಎಂದು ಕೇಳಿ ಅವರು ದೊಡ್ಡದಾಗಿ ನಕ್ಕರು. ಧರ್ಮೇಶ ಅಂದರೆ ನಮ್ಮ ಯಜಮಾನರು. ಗೃಹಪ್ರವೇಶದ ಟೀಯನ್ನು ಲೋಕೇಶಣ್ಣನೂ ಕುಡಿದಿದ್ದರು.

ಅವರು ಹೋದಮೇಲೆ ನನಗೊಂದು ಮಹತ್ತರವಾದ ಯೋಚನೆ ಹೊಳೆಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಆಗುತ್ತದೆ, ಅಲ್ಲಿ ಆಗುವುದಿಲ್ಲ. ಯಾಕೆ? ನನ್ನ ಲ್ಯಾಪ್‌ಟಾಪಿನಲ್ಲಿ ವರ್ಷಗಳಿಂದ ಸೇರಿಕೊಂಡ ಸಾಮಾನೆಲ್ಲ ತುಂಬಿಕೊಂಡಿದೆ. ಹಾಗಾದರೆ ಇದನ್ನೂ ಬರಿದು ಮಾಡಿದರೆ ಯಾವುದು ಬಿಟ್ಟುಹೋಗಿದೆ ಎಂದು ಇಲ್ಲೇ ಗೊತ್ತಾಗುತ್ತದಲ್ಲ! ಬುದ್ಧಿ ಇರುವವರು ಇದಕ್ಕಾಗಿ ಲ್ಯಾಪ್‌ಟಾಪಿನೊಳಗೇ ಪ್ರತ್ಯೇಕವಾದ ಖಾಲಿ ಕೋಣೆಯೊಂದನ್ನು ಮಾಡಿಕೊಳ್ಳುತ್ತಾರೆ. ಅದನ್ನೂ ನಾನು ಪಾಠ ಮಾಡುತ್ತೇನೆ. ಆದರೆ ಅವಸರದಲ್ಲಿದ್ದ ನಾನು ಕೋಣೆ ಮಾಡಲಿಲ್ಲ, ಇಡೀ ಮನೆಯನ್ನೇ ಗುಡಿಸಿದೆ. ಬೇಡವೆನಿಸಿದ್ದನ್ನೆಲ್ಲ ತೆಗೆದುಹಾಕು ಎಂದು ಆಜ್ಞೆ ಕೊಟ್ಟೆ. ಲ್ಯಾಪ್‌ಟಾಪ್ "ಖಚಿತವೇ?" ಎಂದು ಕೇಳಿತು. ಖಚಿತ ಎಂದೆ. ಅದು ವಿಧೇಯತೆಯಿಂದ ತೆಗೆಯುತ್ತಾ ಹೋಯಿತು. ತೆಗೆಯುತ್ತಲೇ ಇತ್ತು. ಕೊನೆಗೆ ಪರದೆಯ ಮೇಲಿನ ಚಿತ್ರಗಳೂ ಮಾಯವಾಗಿ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆಯೊಂದು ಮಿಣುಕುತ್ತಾ ನಿಂತಿತು.

ಭಾನುವಾರ ನಾನೇ ಕಟ್ಟಿಟ್ಟಿದ್ದ ಪ್ಯಾಕೇಜೂ ಆ ಗುಡಿಸುವಿಕೆಯಲ್ಲಿ ಹೋಗಿತ್ತು. ಈಗ ಮನೆಯಲ್ಲಿ ಎರಡು ಕಂಪ್ಯೂಟರುಗಳು. ಎರಡೂ ಮೂಕ!

ಬೋಳಾದ ಲ್ಯಾಪ್‌ಟಾಪನ್ನು ಮತ್ತೆ ಮನುಷ್ಯರ ಸ್ಥಿತಿಗೆ ತರಲು ಕಣದ ಸಿಗ್ನಲ್ಲಿನಲ್ಲಿ ಬುಧವಾರ ಮಧ್ಯಾಹ್ನದವರೆಗೆ ಹಿಡಿಯಿತು. ಅದಕ್ಕೂ ರಜೆ. ಪ್ರಾಂಶುಪಾಲರು ಮತ್ತೆ ಫೋನ್ ಮಾಡಿ "ಮಾತು ಬಂತಾ ಮೇಡಂ?" ಎಂದು ಕೇಳಿದರು. ಇನ್ನೂ ಇಲ್ಲ ಸರ್ ಎಂದೆ. "ಧೈರ್ಯವಾಗಿರಿ," ಎಂದರು.

ಈಗ ನನಗೆ ರೋಷ ಬಂದಿತ್ತು. ಒಂದೊಂದಾಗಿ ಕೇಳುತ್ತೀಯಾ? ತಗೋ! ಧ್ವನಿಗೆ, ಅಕ್ಷರಕ್ಕೆ, ಕಾಗದಪತ್ರಕ್ಕೆ, ಚಿತ್ರಕ್ಕೆ ಸಂಬಂಧಪಟ್ಟಿರಬಹುದಾದ ನಲವತ್ತು ಸಾಮಾನುಗಳನ್ನು ಪಟ್ಟಿಗೆ ತುಂಬಿ ಕಳಿಸಿದೆ. ಎಲ್ಲವೂ ಇದ್ದಮೇಲೆ ಇಲ್ಲ ಅನ್ನುವುದು ಹೇಗೆ?

ಇಲ್ಲ ಅನ್ನಲಿಲ್ಲ. ಶುರುವನ್ನೇ ಮಾಡಲಿಲ್ಲ. ನಾನು ತುಂಬಿದ ನಲವತ್ತರಲ್ಲಿ ಧ್ವನಿಯನ್ನು ಪರೀಕ್ಷಿಸುವ ಸಾಮಾನೊಂದಿತ್ತು. ಅದು ಬರಬೇಕಾದರೆ ಮೊದಲು ಒಂದು ಕನ್ನಡ ಧ್ವನಿ ಇರಬೇಕು. ಆ ಕನ್ನಡ ಧ್ವನಿ ಯಾವುದು? ನಮ್ಮ ರೈಟ್ರು! ರೈಟ್ರನ್ನು ಕಟ್ಟಲು ಅದು ಬೇಕು, ಅದು ಬರಲು ರೈಟ್ರು ಬೇಕು. ನಮ್ಮಲ್ಲಿ ನಾಟಿ ಸಮಯದಲ್ಲಿ ಮುಯ್ಯಾಳು ಅಂತ ಒಂದು ಪದ್ಧತಿ ಇದೆ. ಇವತ್ತು ನಮ್ಮ ಮನೆಯವರು ನಿಮ್ಮ ಗದ್ದೆಗೆ, ನಾಳೆ ನಿಮ್ಮ ಮನೆಯವರು ನಮ್ಮ ಗದ್ದೆಗೆ. ಮೊದಲು ನೀವು ಬನ್ನಿ, ಆಮೇಲೆ ನಾವು ಬರುತ್ತೇವೆ ಎಂದು ಎರಡೂ ಮನೆಯವರು ಜಗಲಿಯಲ್ಲೇ ಕೂತರೆ ನಾಟಿ ಆಗುತ್ತದೆಯೇ? ಆ ಯಂತ್ರದ ಗತಿ ಹಾಗಾಯಿತು.

ಬುಧವಾರ ಸಂಜೆ ಡಿಸ್ಟ್ರಿಬ್ಯೂಷನ್ನಿನ ಹಿರಿಯ ಸ್ವಯಂಸೇವಕರೊಬ್ಬರಿಂದ ಮೇಲ್ ಬಂತು. ಯಾವುದೋ ಚಳಿ ದೇಶದವರು, ನಾನು ಮುಖ ನೋಡಿಲ್ಲ. ಅತ್ಯಂತ ವಿನಯದ ಮನುಷ್ಯ. ಅವರು ಬರೆದದ್ದರ ಸಾರಾಂಶ ಇಷ್ಟು. ಮಾನ್ಯರೇ, ನಿಮ್ಮ ಪ್ಯಾಕೇಜ್ ಭಾನುವಾರದಿಂದ ಹನ್ನೊಂದು ಸಲ ಬಿದ್ದಿದೆ, ನೀವು ಕ್ಷೇಮವೇ? ಗಟ್ಟಿಯಾಗಿ ಓದುವ ತಂತ್ರಾಂಶಕ್ಕೆ ಚಿತ್ರ ಬಿಡಿಸುವ ಸಾಮಾನು ಯಾಕೆ ಬೇಕೆಂದು ತಿಳಿಯುವ ಕುತೂಹಲ ನನಗಿದೆ. ದಯವಿಟ್ಟು ನೆನಪಿಡಿ, ಕಟ್ಟುವ ಯಂತ್ರ ನಿಮ್ಮ ಮನೆಯಲ್ಲ. ನಿಮ್ಮಲ್ಲಿ ಸದಾ ಇರುವುದು ಅದರಲ್ಲಿ ಇರುವುದಿಲ್ಲ. ಎಲ್ಲರ ಬಳಿಯೂ ಇದ್ದೇ ಇರುತ್ತದೆ ಎಂದು ನಿಮಗೆ ಅನ್ನಿಸುವುದನ್ನೂ ಬರೆಯಬೇಕು.

ಕಣದಲ್ಲಿ ನಿಂತಿದ್ದ ಯಜಮಾನರಿಗೆ ಇದನ್ನು ಓದಿ ಹೇಳಿದ್ದು ನಾನು ಮಾಡಿದ ಅತಿ ದೊಡ್ಡ ತಪ್ಪು. ಅವರು ಪೈಪ್ ಕೆಳಗಿಟ್ಟು, ಕೈ ಒರೆಸಿಕೊಂಡು, ಸಾವಕಾಶವಾಗಿ ನನ್ನ ಕಡೆ ತಿರುಗಿದರು.

"ಇನ್ನೊಂದ್ಸಲ ಓದು."

ಓದಿದೆ.

"ಅಂದ್ರೆ," ಎಂದರು ಇವರು, "ಕಾಫಿಪುಡೀನೂ ಬರಿಬೇಕು ಅಂತ."

ಎರಡು ವರ್ಷದ ನನ್ನ ಸಾಮ್ರಾಜ್ಯ ಕಣದ ಮೂಲೆಯಲ್ಲಿ, ಕವುಚಿದ ಬುಟ್ಟಿಯ ಮೇಲೆ ಮುಗಿದುಹೋಯಿತು. ಇವರು ಪೈಪ್ ಎತ್ತಿಕೊಂಡು ಸಿಳ್ಳೆ ಹಾಕುತ್ತಾ ಹೊರಟರು. ಮದುವೆಯಾದಂದಿನಿಂದ ಇವರು ಸಿಳ್ಳೆ ಹಾಕಿದ್ದನ್ನು ನಾನು ಕೇಳಿರಲಿಲ್ಲ.

ಗುರುವಾರ ಬಂದೇಬಿಟ್ಟಿತು.

ಅತ್ತೆ ಸ್ನಾನ ಮುಗಿಸಿ, ಒಗೆದ ಹಸಿರು ಸೀರೆ ಉಟ್ಟು, ಏಳೂವರೆಗೆ ಮೊದಲೇ ಕಂಪ್ಯೂಟರ್ ಮುಂದೆ ಕೂತಿದ್ದರು. ನಾನು ಬೆಳಿಗ್ಗೆಯೇ ಇನ್ನೊಂದು ಸಲ ಕಳಿಸಿದ್ದೆ. ಕಣಕ್ಕೆ ಓಡಿ ನೋಡಿದೆ. ವಿಫಲ. ಹನ್ನೆರಡನೆಯ ಸಲ. ಒಳಗೆ ಬಂದು ಅತ್ತೆಯ ಪಕ್ಕದಲ್ಲಿ ನಿಂತೆ. ಮಕ್ಕಳಿಗೆ ಪಾಠ ಹೇಳುವ ಹೆಂಗಸು, ಅತ್ತೆಗೆ ವರ್ಷಕ್ಕೊಮ್ಮೆ ಬರುವ ಬೆಳಗನ್ನು ಹಾಳುಮಾಡಿದ್ದೆ.

"ಅತ್ತೆ, ತಪ್ಪಾಯ್ತು. ಇವತ್ತು ರೈಟ್ರು ಬರಲ್ಲ. ನಂದೇ ತಪ್ಪು."

ಅತ್ತೆ ಪರದೆಯ ಕಡೆ ಕೈ ತೋರಿಸಿದರು.

"ನಿಮ್ಮಾವ ಬರ್ದಿದ್ದು ಅದ್ರೊಳ್ಗೆ ಐತಾ, ಅದೂ ಹೊಂಟೋಯ್ತಾ?"

"ಐತೆ ಅತ್ತೆ. ಅದು ಭದ್ರವಾಗಿದೆ. ಓದೋ ಧ್ವನಿ ಮಾತ್ರ ಹೋಗಿರೋದು."

"ಅದು ಕನ್ನಡದಲ್ಲೇ ತಾನೆ ಇರೋದು?"

"ಹೌದು ಅತ್ತೆ."

"ಮತ್ತೆ ನಿಂಗೆ ಓದಕ್ ಬರಾಕಿಲ್ವೇನವ್ವ?"

ನಾನು ಬಾಗಿಲಲ್ಲಿ ನಿಂತಿದ್ದ ಯಜಮಾನರನ್ನು ನೋಡಿದೆ. ಅವರು ನನ್ನನ್ನು ನೋಡಿದರು. ಎಂ.ಎಸ್ಸಿ. ಓದಿದ ನಾನು ಮತ್ತು ಬಿ.ಕಾಂ. ಓದಿದ ಇವರು ಸೇರಿ ನಾಲ್ಕು ದಿನದಿಂದ ಈ ಮನೆಯಲ್ಲಿ ಕನ್ನಡ ಓದುವವರು ಯಾರೂ ಇಲ್ಲ ಎಂದು ದುಃಖಿಸುತ್ತಿದ್ದೆವು!

ಕುರ್ಚಿ ಎಳೆದುಕೊಂಡು ಕೂತೆ. ಕಡತ ತೆರೆದೆ. ಆ ತಾರೀಖಿನ ಸಾಲುಗಳನ್ನು ಒಂದೊಂದಾಗಿ ಓದಿದೆ. ಮಳೆ ಇಲ್ಲ, ಬಿಸಿಲು ಜಾಸ್ತಿ. ಮಳೆ ಇಲ್ಲ, ಮೋಡ ಬಂದು ಹೋಯಿತು. ಮಳೆ ಇಲ್ಲ, ದನ ಗಬ್ಬವಾಗಿದೆ. ಕೊನೆಗೆ ಮದುವೆಯಾದ ವರ್ಷದ್ದು ಬಂತು.

"ಹೂವಿನ ಮಳೆ ಬಂತು. ಒಂದೂಕಾಲು ಇಂಚು. ಕಮಲ ಕಣದಲ್ಲಿ ನಿಂತು ನೆನೆದಳು. ಬೈದೆ. ಬೈಯಬಾರದಿತ್ತು."

ಇದನ್ನು ನಾನೇ ಟೈಪ್ ಮಾಡಿದ್ದೆ. ರೈಟ್ರು ಓದಿದ್ದನ್ನು ಮೂರು ವರ್ಷ ಕೇಳಿದ್ದೆ. ಆದರೆ ನನ್ನ ಬಾಯಲ್ಲಿ "ಬೈದೆ" ಆದಮೇಲೆ ನಾಲಿಗೆ ತಾನಾಗಿ ನಿಂತಿತು. ಮುಂದಿನ ಮಾತನ್ನು ಸಣ್ಣಗೆ ಹೇಳಿದೆ. ಮಾವ ಹೇಳಿದ್ದರೆ ಹಾಗೆಯೇ ಹೇಳುತ್ತಿದ್ದರೋ ಏನೋ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

"ನೋಡ್ದಾ? ಇದ್ನ ನನ್ ಎದುರ್ಗೆ ಒಂದಿನ ಹೇಳ್ನಿಲ್ಲ ಪುಣ್ಯಾತ್ಮ. ಪುಸ್ತಕದ ಹತ್ರ ಹೇಳ್ಕೊಂಡವ್ರೆ. ಇನ್ನೊಂದ್ಸಲ ಓದವ್ವ."

ಮೂರು ಸಲ ಓದಿದೆ. ನಾಲ್ಕನೆಯ ಸಲ ಯಜಮಾನರು ಬಂದು ಅವ್ವನ ಕಾಲ ಬಳಿ ನೆಲದ ಮೇಲೆ ಕೂತು ತಾವೇ ಓದಿದರು. ಅವರಿಗೆ ಇಂಚಿನವರೆಗೆ ಮಾತ್ರ ಓದಲು ಆಯಿತು.

ಅವತ್ತು ಮಧ್ಯಾಹ್ನ, ತಲೆ ತಣ್ಣಗಾದ ಮೇಲೆ, ನಾನು ಎಷ್ಟೋ ವರ್ಷಗಳ ಹಿಂದೆ ಬರೆದಿದ್ದ ಹಳೆಯ ಪಟ್ಟಿಯನ್ನು ಹುಡುಕಿ ತೆಗೆದೆ. ಭಾನುವಾರ ದಂಡವೆಂದು ಕಿತ್ತುಹಾಕಿದ ಮೂರು ಸಾಲುಗಳನ್ನು ಮತ್ತೆ ಅವುಗಳ ಜಾಗದಲ್ಲಿ ಕೂರಿಸಿದೆ. ಹೊಸ ವರ್ಷನ್ನಿಗೆ ನಿಜವಾಗಿ ಬೇಕಾಗಿದ್ದ ಹೊಸ ಸಾಮಾನು ಒಂದೇ ಒಂದು. ಅದನ್ನು ಸೇರಿಸಿದೆ. ರೋಷದಲ್ಲಿ ತುಂಬಿದ್ದ ನಲವತ್ತನ್ನೂ ತೆಗೆದು ಕಳಿಸಿದೆ. ಅರ್ಧ ಗಂಟೆಗೆ ಮೇಲ್ ಬಂತು. ಬಿಲ್ಡ್ ಯಶಸ್ವಿ!

ಪ್ರತಿ ಬದಲಾವಣೆಗೂ ಕಾರಣ ಬರೆಯಬೇಕೆಂಬ ನಿಯಮ ಅಲ್ಲಿದೆ. ಬರೆದದ್ದನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಓದಬಹುದು. ನಾನು ಗಾಂಭೀರ್ಯದಿಂದ, "ನಿರ್ವಾಹಕರು ಅನಗತ್ಯವೆಂದು ಭಾವಿಸಿ ತೆಗೆದದ್ದು ಅಗತ್ಯವೆಂದು ಕಂಡುಬಂದಿರುವುದರಿಂದ ಮರಳಿ ಸೇರಿಸಲಾಗಿದೆ," ಎಂಬರ್ಥದಲ್ಲಿ ಬರೆದೆ. ಚಳಿ ದೇಶದ ಹಿರಿಯರು ಅಭಿನಂದನೆ ತಿಳಿಸಿದರು. ಮಾತು ಬಂತೆಂದು ಪ್ರಾಂಶುಪಾಲರಿಗೂ ತಿಳಿಸಿದೆ. ಅವರು ದೇವರು ದೊಡ್ಡವನು ಎಂದರು.

ಶುಕ್ರವಾರ ಬೆಳಿಗ್ಗೆ ಹೊಸ ರೈಟ್ರು ಕೆಲಸಕ್ಕೆ ಹಾಜರಾದ. ಒತ್ತಕ್ಷರದಲ್ಲಿ ಒಂದು ಕಡೆಯೂ ಎಡವಲಿಲ್ಲ. ಅತ್ತೆ ಪೇಪರ್ ಪೂರ್ತಿ ಕೇಳಿದರು. ಮಳೆ ಪುಸ್ತಕ ಶುರುವಾಗುತ್ತಿದ್ದಂತೆ ಕೈ ಎತ್ತಿದರು.

"ತಡೀ. ಪೇಪರ್ ಅವ್ನು ಓದ್ಲಿ. ನಿಮ್ಮಾವಂದು ನೀನೇ ಓದು."

"ಯಾಕತ್ತೆ? ಈಗ ಚೆನ್ನಾಗಿ ಓದ್ತಾನಲ್ಲ?"

"ಓದ್ತಾನೆ. ಆದ್ರೆ ಬೈದಿದ್ದು, ಬೈಬಾರ್ದಿತ್ತು ಅಂದಿದ್ದು, ಎಲ್ಲಾನೂ ಹಾಜರಿ ಕೂಗ್ದಂಗೆ ಕೂಗ್ತಾನೆ ಕಣವ್ವ. ನೀನು ಒಂಚೂರು ತೊದಲ್ತೀಯ. ತೊದಲುದ್ರೂ ಪರ್ವಾಗಿಲ್ಲ."

ಹೀಗೆ, ಹದಿಮೂರು ಸಲ ಕಟ್ಟಿ, ಎರಡು ಕಂಪ್ಯೂಟರುಗಳ ಮಾತು ನಿಲ್ಲಿಸಿ, ಮೂರು ದಿನ ಸುಳ್ಳಲ್ಲದ ರಜೆ ಹಾಕಿ ನಾನು ಉಳಿಸಿಕೊಂಡ ಪ್ಯಾಕೇಜಿನ ಮುಖ್ಯ ಕೆಲಸ ನನಗೇ ಬಂತು. ಓದಲು ಬೇಕಾದ್ದರ ಪಟ್ಟಿಯಲ್ಲಿ ಮೊದಲ ಸಾಲಿನಲ್ಲೇ ಇರಬೇಕಾದ ನನ್ನ ಧ್ವನಿಯನ್ನು ನಾನು ಬರೆದೇ ಇರಲಿಲ್ಲ. ಮನೆಯಲ್ಲಿ ಇದ್ದೇ ಇರುತ್ತದಲ್ಲ!

ಈ ಅನುಭವದಿಂದ ಬುದ್ಧಿ ಕಲಿತು, ಮುಂದಿನ ಭಾನುವಾರ ಅಂಗಡಿ ಪಟ್ಟಿಯನ್ನು ನಾನೇ ಬರೆದೆ. ಇದೆಯೋ ಇಲ್ಲವೋ, ಎಲ್ಲವನ್ನೂ ಬರೆದೆ. ಉಪ್ಪು, ಬೆಂಕಿಪೊಟ್ಟಣ, ಕಾಫಿಪುಡಿ, ಮೆಣಸು. ಯಜಮಾನರು ಪಟ್ಟಿ ನೋಡಿ ಮಡಿಸಿ ಜೇಬಿಗಿಟ್ಟುಕೊಂಡರು. ಏನೂ ಹೇಳಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಸಕಲೇಶಪುರದಲ್ಲಿ ನಾವು ಯಾವಾಗಲೂ ಹೋಗುವ ಅಂಗಡಿ. ತುಂಬ ಜನ. ಅಂಗಡಿಯವರು ಪಟ್ಟಿ ಹಿಡಿದು ಗಟ್ಟಿಯಾಗಿ ಓದುತ್ತಾ ಬಂದವರು ಕಾಫಿಪುಡಿ ಎಂಬಲ್ಲಿ ನಿಂತರು. ಕನ್ನಡಕ ಮೇಲಕ್ಕೇರಿಸಿ ಮೊದಲು ನನ್ನನ್ನು, ಆಮೇಲೆ ಇವರನ್ನು ನೋಡಿದರು. ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು.

"ಏನ್ ಧರ್ಮೇಶಣ್ಣ, ತೋಟ ಮಾರ್ಬುಟ್ರಾ?"

"ಇಲ್ಲ ಕಣ್ರೀ," ಎಂದರು ಇವರು ಬಹಳ ಹೆಮ್ಮೆಯಿಂದ, "ನಮ್ಮನೆಯವ್ರು ಕಂಪ್ಯೂಟರ್ ಎಕ್ಸ್‌ಪರ್ಟು."

ಅಂಗಡಿಯವರು ಎಲ್ಲ ಅರ್ಥವಾದವರಂತೆ ಮರುಕದಿಂದ ತಲೆಯಾಡಿಸಿ, ಕಾಲು ಕೆಜಿ ಕಾಫಿಪುಡಿ ತೂಗಿ ನನ್ನ ಕೈಗೆ ಕೊಟ್ಟರು.